ಲೈಬ್ರರಿಯ ಗಂಟೆ

ಕನಸು ಕಂಡಿರಬೇಕು ಅಂತ ಯಾರೂ ಹೇಳಬೇಡಿ. ಇದು ನಡೆದಾಗ ನಾನು ಪಾತ್ರೆ ತೊಳೆಯುತ್ತಿದ್ದೆ, ಅದೂ ಮೈಯೆಲ್ಲ ಉರಿಯುವಷ್ಟು ಸಿಟ್ಟಿನಲ್ಲಿ. ಅಷ್ಟು ಸಿಟ್ಟು ಬಂದವಳಿಗೆ ಮಂಪರೆಲ್ಲಿಂದ ಬರಬೇಕು?

ಮಾವ, ಅಂದರೆ ಅಮ್ಮನ ಅಣ್ಣ, ಡಾಕ್ಟರ್. ಅಮೆರಿಕದ ಜೆರಿಕೋ ಊರಿನಿಂದ ಹತ್ತು ನಿಮಿಷ ಡ್ರೈವ್ ಮಾಡಿದರೆ ಅವರ ಮನೆ. ಇಂಗ್ಲೆಂಡಿನ ಜಮೀನ್ದಾರರ ಬಂಗಲೆಯ ಹಾಗೆಯೇ ಬೇಕೆಂದು ಯಾವನೋ ಸಾಹುಕಾರ ಹಿಂದೆ ಕಟ್ಟಿಸಿದ್ದು. ಅಡುಗೆಮನೆಯ ಗೋಡೆಯಲ್ಲಿ ಸಾಲಾಗಿ ಹಿತ್ತಾಳೆಯ ಗಂಟೆಗಳು, ಒಂದೊಂದರ ಕೆಳಗೂ ಒಂದು ಕೋಣೆಯ ಹೆಸರು. ಕೋಣೆಯಲ್ಲಿ ಹಗ್ಗ ಎಳೆದರೆ ಗೋಡೆಯೊಳಗಿನ ತಂತಿ ಜಗ್ಗಿ ಇಲ್ಲಿ ಗಂಟೆ. ಆಳುಗಳನ್ನು ಕರೆಯಲು ಮಾಡಿದ ಏರ್ಪಾಡು. ಮಾವ ಅದರಿಂದ ನನ್ನ ಅಮ್ಮನನ್ನು ಕರೆಯುತ್ತಿದ್ದರು!

ಅತ್ತೆ ತೀರಿಕೊಂಡ ಮೇಲೆ ಅವರ ಮಗ ನಿಖಿಲನನ್ನು ಸಾಕಿದವಳು ಅಮ್ಮ. ಇಪ್ಪತ್ತು ವರ್ಷ ಆ ಮನೆಗೆ ಬೇಯಿಸಿ ಹಾಕಿದಳು. ರಾತ್ರಿ ಎಂಟೂವರೆಗೆ ಲೈಬ್ರರಿಯ ಗಂಟೆ ಹೊಡೆದರೆ "ಬಂದೆ ಅಣ್ಣ" ಎಂದು ಬಿಸಿ ಹಾಲು ಹಿಡಿದು ಓಡುತ್ತಿದ್ದಳು.

"ಗೇಟ್ ಹತ್ರದ ಚಿಕ್ಕ ಮನೆ ನಿಂದೇ ಕಣೇ. ಕಾಗದ ಬರೆದಿಟ್ಟಿದ್ದೀನಿ" ಎಂದು ಮಾವ ಅಮ್ಮನಿಗೆ ನನ್ನೆದುರೇ ಹೇಳಿದ್ದರು.

ಮಾವನ ವೈಕುಂಠ ಸಮಾರಾಧನೆ ಮುಗಿದ ಸಂಜೆ ನಿಖಿಲ ವಿಲ್ ತೋರಿಸಿದ. ಅದರಲ್ಲಿ ಅಮ್ಮನ ಹೆಸರೇ ಇರಲಿಲ್ಲ.

"ಅತ್ತೆ, ಐ ಆಮ್ ಸೆಲ್ಲಿಂಗ್ ಎವೆರಿಥಿಂಗ್. ಈ ತಿಂಗಳಲ್ಲಿ ಖಾಲಿ ಮಾಡ್ಬೇಕು."

"ಅಣ್ಣ ಕಾಗದ ಬರೆದಿಟ್ಟಿದ್ದಾನಪ್ಪಾ..."

"ದೇರ್ ಈಸ್ ನೋ ಪೇಪರ್. ಎಲ್ಲಾ ಕಡೆ ನೋಡಿದೀನಿ."

ನೋಡದೆ ಏನು! ಬೆಳಿಗ್ಗೆಯೇ ಲೈಬ್ರರಿಯ ಪುಸ್ತಕ, ಮೇಜು, ಕೊನೆಗೆ ಗಂಟೆಯ ಹಗ್ಗವನ್ನೂ ಬಿಚ್ಚಿಸಿ ಮಾರಿದ್ದ. ಗೋಡೆಯಲ್ಲಿ ತುಂಡಾದ ತಂತಿ ನೇತಾಡುವುದನ್ನು ನಾನೇ ನೋಡಿದ್ದೆ. ಅವನಿಗೆ ತುತ್ತಿಟ್ಟ ಕೈಯನ್ನು ನೆನೆದು ನಾನು ಬಾಣಲೆಯನ್ನು ಗಸಗಸ ಉಜ್ಜುತ್ತಿದ್ದೆ.

ಠಣ್...

ನಲ್ಲಿ ನಿಲ್ಲಿಸಿದೆ. ಗೋಡೆಯಲ್ಲಿ ಒಂದೇ ಒಂದು ಗಂಟೆ ಅಲ್ಲಾಡುತ್ತಿತ್ತು. ಲೈಬ್ರರಿಯದು. ಗಡಿಯಾರದಲ್ಲಿ ಎಂಟೂವರೆ.

"ಬಂದೆ ಅಣ್ಣ" ಎಂದಳು ಅಮ್ಮ. ಬಾಯಿತಪ್ಪಿ ಬಂದ ಮಾತು.

"ಯಾರು ಮೇಲಿರೋದು?" ನಿಖಿಲ ಓಡಿಬಂದ. ಅವನ ಮುಖ ಬಿಳಿಚಿಕೊಂಡಿತ್ತು.

ಮೂವರೂ ಮೆಟ್ಟಿಲು ಹತ್ತಿದೆವು. ಖಾಲಿ ಕೋಣೆ... ಕೊರೆಯುವ ಚಳಿ... ಮಾವನ ಪೈಪಿನ ತಂಬಾಕಿನ ವಾಸನೆ, ಈಗಷ್ಟೇ ಸೇದಿದ ಹಾಗೆ.

ಅಮ್ಮ ಹೊಸ್ತಿಲಲ್ಲೇ ನಿಂತಳು. ಅವಳ ದನಿ ಏರಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಕಾಗದ ಎಲ್ಲಿಟ್ಟಿದ್ದೀಯಾ, ಅಣ್ಣ?"

ಅಮ್ಮ ಒಂದು ಹೆಜ್ಜೆ ಒಳಗಿಟ್ಟಳು.

"ಬರೆದೇ ಇಲ್ವಾ?"

ಕೆಳಗೆ ಅಡುಗೆಮನೆಯಲ್ಲಿ ಮತ್ತೆ ಗಂಟೆ ಹೊಡೆಯಿತು. ಠಣ್... ಠಣ್... ಹಾಲು ತಡವಾದರೆ ಮಾವ ಹಾಗೇ ಎರಡೆರಡು ಸಲ ಎಳೆಯುತ್ತಿದ್ದರು.

ನನಗೆ ಹೆದರಿಕೆ ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಹೆದರಿಕೆಗಿಂತ ಹೊಟ್ಟೆ ಉರಿದದ್ದೇ ಹೆಚ್ಚು. ಸತ್ತ ಮೇಲಾದರೂ ನಿಜ ಹೇಳಬಾರದೇ ಈ ಮನುಷ್ಯ? ಇವರಿಗೆ ಹಾಲು ಬೇಕಂತೆ!

ಅಮ್ಮನ ಕೈ ಹಿಡಿದು ಆ ರಾತ್ರಿಯೇ ಹೊರಟೆ. ಈಗ ಅವಳು ಫೋರ್ಟ್ ಲೀ ಪಟ್ಟಣದಲ್ಲಿ, ಹದಿನೆಂಟನೇ ಮಹಡಿಯ ನನ್ನ ಅಪಾರ್ಟ್‌ಮೆಂಟಿನಲ್ಲಿದ್ದಾಳೆ. ಇಲ್ಲಿ ಕರೆಗಂಟೆಯನ್ನೂ ತೆಗೆಸಿಬಿಟ್ಟಿದ್ದೇನೆ.

ಮೊನ್ನೆ ರಾತ್ರಿ ಅಮ್ಮ ಇದ್ದಕ್ಕಿದ್ದಂತೆ ಎದ್ದು ಹೋಗಿ ಹಾಲು ಕಾಯಲಿಟ್ಟಳು.

"ಯಾರಿಗಮ್ಮಾ ಹಾಲು?"

"ಗಂಟೆ ಹೊಡೀತಲ್ಲೇ... ನಿಂಗೆ ಕೇಳಿಸ್ಲಿಲ್ವಾ?"

"ಇಲ್ಲ" ಎಂದು ಒಲೆ ಆರಿಸಿದೆ.

ನನಗೂ ಕೇಳಿಸಿತ್ತು.