ಮಣಿ ಸುತ್ತಿದ ಕಂಬಿ

ಸ್ವೀಡನ್ನಿನ ಉಪ್ಸಾಲಾಕ್ಕೆ ಮಗಳ ಬಾಣಂತನಕ್ಕೆಂದು ಹೋದವಳು, ಆಮೇಲೂ ವರ್ಷಕ್ಕೊಮ್ಮೆ ಹೋಗಿ ಬಂದು ಮಾಡುತ್ತಿದ್ದೆ. ಅಲ್ಲಿ ನನಗಿದ್ದ ಸೋಶಿಯಲ್ ಲೈಫ್ ಎಂದರೆ ಬೇಸ್‌ಮೆಂಟಿನ ಲಾಂಡ್ರಿ ರೂಮ್. ಇಡೀ ಬಿಲ್ಡಿಂಗಿಗೆ ಅದೊಂದೇ; ಮೊದಲೇ ಟೈಮ್ ಬುಕ್ ಮಾಡಬೇಕು. ಟೈಮ್ ಮುಗಿದರೂ ಬಟ್ಟೆ ತೆಗೆಯದಿದ್ದರೆ ಅಲ್ಲಿಯವರು ಬಾಯಿಬಿಟ್ಟು ಬೈಯುವುದಿಲ್ಲ, ಗೋಡೆಗೆ ಚೀಟಿ ಅಂಟಿಸುತ್ತಾರೆ. ವೆರಿ ಪೊಲೈಟ್, ಆದರೆ ಬೈಗುಳಕ್ಕಿಂತ ಚುರುಕು.

ಅಲ್ಲೇ ಪರಿಚಯವಾದವಳು ಕೆಳಗಿನ ಮನೆಯ ಹುಡುಗಿ. ಕೀನ್ಯಾದ ಮಾಸಾಯಿ ಬುಡಕಟ್ಟಿನ ಹಳ್ಳಿಯವಳು, ಯೂನಿವರ್ಸಿಟಿಯಲ್ಲಿ ರಿಸರ್ಚ್. ನನ್ನ ಹಾಗೆಯೇ ಕಾನ್ವೆಂಟಿನ ನನ್‌ಗಳ ಕೈಯಲ್ಲಿ ಓದಿದವಳು. ಇಬ್ಬರಿಗೂ ಈಗಲೂ ಯಾರಾದರೂ ಒಳಗೆ ಬಂದರೆ ಎದ್ದು ನಿಲ್ಲುವ ಅಭ್ಯಾಸ. ತಾಯಿಯ ವಯಸ್ಸಿನವಳೆಂದು ಗೌರವದಿಂದ ನನ್ನನ್ನು ‘ಮಾಮಾ’ ಎನ್ನುತ್ತಿದ್ದಳು. “ನಮ್ಮಲ್ಲಿ ಮಾಮ ಅಂದರೆ ಮೀಸೆ ಇರಬೇಕಮ್ಮ” ಎಂದಾಗ ಸೋಪಿನ ಪುಡಿ ಚೆಲ್ಲುವಷ್ಟು ನಕ್ಕಿದ್ದಳು.

ಒಂದು ದಿನ ನಗಲಿಲ್ಲ. ಊರಿನಲ್ಲಿ ಅವಳ ಅಕ್ಕನ ಗಂಡುಮಗುವಿಗೆ ಹುಟ್ಟುವಾಗಲೇ ಎಡಪಾದ ಒಳಕ್ಕೆ ತಿರುಚಿಕೊಂಡಿತ್ತಂತೆ. ಕ್ಲಿನಿಕ್‌ನವರು ವಾರವಾರವೂ ಪ್ಲಾಸ್ಟರ್ ಬದಲಿಸಿ ಪಾದವನ್ನು ನೇರಕ್ಕೆ ತಂದಿದ್ದರು. ಇನ್ನು ಮುಂದೆ ಎರಡು ಪುಟ್ಟ ಶೂಗಳನ್ನು ಕಂಬಿಯೊಂದಕ್ಕೆ ಕೂಡಿಸಿದ ಬ್ರೇಸ್ ಹಾಕಬೇಕು. ಮೊದಲು ಹಗಲೂ ರಾತ್ರಿ, ಆಮೇಲೆ ವರ್ಷಗಟ್ಟಲೆ ಮಲಗುವಾಗ. ತಪ್ಪಿಸಿದರೆ ಪಾದ ಮತ್ತೆ ಒಳಕ್ಕೇ ತಿರುಗುತ್ತದೆ. ಅಕ್ಕ ಹಾಕುತ್ತಾಳೆ, ಮಗು ಚೀರುತ್ತದೆ, ಅಜ್ಜಿ ಬಿಚ್ಚಿಹಾಕುತ್ತಾಳೆ.

“ನಮ್ಮಮ್ಮ ನನ್ನ ಮಾತು ಕೇಳಲ್ಲ ಮಾಮಾ. ‘ನೀನು ಎಷ್ಟು ಹೆತ್ತಿದ್ದೀಯ, ಹೇಳು’ ಅಂತಾಳೆ. ನೀವು ಮಾತಾಡಿ, ನೀವೂ ಅಜ್ಜಿ.”

ಭಾನುವಾರ ಮಗಳ ಅಡುಗೆಮನೆಯಲ್ಲಿ ಹುಡುಗಿಯ ಜೊತೆ ಕೂತು ವಿಡಿಯೋ ಕಾಲ್. ನಾನು ಎಲೊಕ್ಯೂಶನ್ ಕಾಂಪಿಟಿಶನ್ನಿಗೆ ಹೋಗುವವಳ ಹಾಗೆ ಮಾತು ಜೋಡಿಸಿಕೊಂಡಿದ್ದೆ. ಅತ್ತ ಅವಳಮ್ಮನ ಕೊರಳ ತುಂಬ ಮಣಿ, ತೊಡೆಯ ಮೇಲೆ ಮಗು. ನಾನು ಇಂಗ್ಲಿಷಿನಲ್ಲಿ ಡಾಕ್ಟರು, ಡಿಸಿಪ್ಲಿನ್, ಫ್ಯೂಚರ್ ಎಂದೆಲ್ಲ ಹೇಳಿದೆ. ಹುಡುಗಿ ಅವರ ಭಾಷೆಗೆ ತಿರುಗಿಸಿದಳು. ಆಕೆ ಕೊನೆಯವರೆಗೂ ಕೇಳಿ ಒಂದೇ ಮಾತು ಅಂದಳು:

“ಕತ್ತೆಗೂ ಸಂಜೆ ಹೊರೆ ಇಳಿಸುತ್ತೇವೆ. ಈ ಕೂಸಿಗೆ ಮಲಗುವಾಗಲೂ ಕಬ್ಬಿಣವಾ?”

ನಿಜ ಹೇಳಬೇಕೆಂದರೆ, ನಮ್ಮ ಮನೆಯ ತೊಟ್ಟಿಲೊಳಗೆ ಶೂ ಇಡಲು ನಾನಾದರೂ ಬಿಡುತ್ತಿದ್ದೆನೇ?

ಅಷ್ಟರಲ್ಲಿ ನನ್ನ ಮೊಮ್ಮಗಳು ಅಂಬೆಗಾಲಿಟ್ಟು ಬಂದು ಫೋನಿಗೆ ಕೈ ಚಾಚಿದಳು. ಅತ್ತಲಿನ ಅಜ್ಜಿ ಮುಖ ಹತ್ತಿರ ತಂದು ಇವಳ ಮುಂಗೈಯ ಕರಿಮಣಿ ನೋಡಿದಳು.

“ಅದೇನು?”

“ದೃಷ್ಟಿ ತಾಕದಿರಲಿ ಅಂತ. ನಾನೇ ಪೋಣಿಸಿದ್ದು.”

“ಅಳಲಿಲ್ಲವಾ?”

“ಅತ್ತಳು. ಕಚ್ಚಿ ಎಳೆದಳು.”

“ರಾತ್ರಿ ಬಿಚ್ಚುತ್ತೀಯಾ?”

“ಛೆ ಛೆ, ಅದನ್ನು ಬಿಚ್ಚೋದುಂಟೇ!”

ಅಂದುಬಿಟ್ಟೆ. ಆಕೆ ತೊಡೆಯ ಮೇಲಿನ ಮಗುವಿನ ಪಾದವನ್ನು ಅಂಗೈಯಲ್ಲಿ ಹಿಡಿದು ನೋಡುತ್ತಿದ್ದಳು. ಆಮೇಲೆ ಏನೋ ಅಂದು ಕಾಲ್ ಮುಗಿಸಿದಳು.

“ಏನಂದರು?”

ಹುಡುಗಿ ತುಟಿ ಕಚ್ಚಿ ನಗು ತಡೆದಳು. “‘ಮುದುಕಿ ಒಳ್ಳೆಯವಳು. ಮಾತು ಮಾತ್ರ ಜಾಸ್ತಿ’ ಅಂತ.”

ಸ್ವಲ್ಪ ದಿನಕ್ಕೆ ಫೋಟೋ ಬಂತು. ಬ್ರೇಸಿನ ಕಂಬಿಯುದ್ದಕ್ಕೂ ಕೆಂಪು, ಬಿಳಿ, ನೀಲಿ ಮಣಿ. ಕಬ್ಬಿಣ ಎಲ್ಲೂ ಕಾಣುತ್ತಿರಲಿಲ್ಲ. ತನ್ನ ಕೈಯಾರೆ ಸಿಂಗರಿಸಿದ್ದನ್ನು ಆಕೆ ಮತ್ತೆ ಬಿಚ್ಚಲಿಲ್ಲ. ಹಾಕುವುದು ತಡವಾದರೆ ಮಗಳನ್ನೇ ಬೈಯುತ್ತಿದ್ದಳಂತೆ. ನನ್ನ ಅಷ್ಟೆಲ್ಲ ಇಂಗ್ಲಿಷ್ ಮಾಡದ ಕೆಲಸ ಅದು.

ಮುಂದಿನ ಸಲ ನಾನು ಹೋದಾಗ ಮೊಮ್ಮಗಳು ‘ದಾಗಿಸ್’ ಎಂಬ ಅಲ್ಲಿಯ ಶಿಶುವಿಹಾರಕ್ಕೆ ಸೇರಿ, ಸ್ವೀಡಿಷ್‌ನಲ್ಲೇ ನನ್ನ ಜೊತೆ ಜಗಳವಾಡುತ್ತಿದ್ದಳು. ಲಾಂಡ್ರಿ ರೂಮಿನಲ್ಲಿ ಬೆಡ್‌ಶೀಟ್ ಮಡಚುತ್ತಿದ್ದಾಗ ಹುಡುಗಿ ಓಡಿಬಂದು ಊರಿನಿಂದ ಬಂದ ವಿಡಿಯೋ ಹಾಕಿ ಫೋನ್ ಮುಂದೆ ಹಿಡಿದಳು. ಧೂಳು, ಮೇಕೆಗಳು, ಅವುಗಳ ಹಿಂದೆ ಒಂದು ಪುಟ್ಟ ಹುಡುಗ.

“ಹಿಮ್ಮಡಿ ನೋಡಿ ಮಾಮಾ, ಹಿಮ್ಮಡಿ!”

ಎಡಪಾದದ ಹಿಮ್ಮಡಿ ಪ್ರತಿ ಹೆಜ್ಜೆಗೂ ನೆಲಕ್ಕೆ ಸರಿಯಾಗಿ ಊರುತ್ತಿತ್ತು. ಓ ಗಾಡ್, ಅಂಥ ಚೆಂದದ ಪಾದ ನಾನು ನೋಡಿಲ್ಲ. ವಿಡಿಯೋ ತೆಗೆಯುತ್ತಿದ್ದ ಅಜ್ಜಿ ಹಿಂದಿನಿಂದ ಅವನನ್ನು ಕೂಗಿ ಕರೆಯುತ್ತಿದ್ದಳು. ಅವನು ತಿರುಗಿಯೂ ನೋಡಲಿಲ್ಲ.

ನಮ್ಮ ಟೈಮ್ ಯಾವಾಗಲೋ ಮುಗಿದಿತ್ತು. ಮುಂದಿನ ಬುಕಿಂಗಿನ ಯಜಮಾನರು ಬಟ್ಟೆಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಕಣ್ಣೊರೆಸಿಕೊಳ್ಳುತ್ತಿದ್ದ ನಮ್ಮಿಬ್ಬರನ್ನೂ ನೋಡಿದರು. ಬುಟ್ಟಿ ಕೆಳಗಿಟ್ಟು, ಹತ್ತಿರ ಬಂದು, ಮತ್ತೊಂದು ಸಲ ಹಾಕಿ ಎಂದು ಸನ್ನೆ ಮಾಡಿದರು.

ಮೂವರೂ ನೋಡಿದೆವು. ಆ ದಿನ ಗೋಡೆಗೆ ಚೀಟಿ ಬೀಳಲಿಲ್ಲ.