ಮಗಳ ಜಾಕೆಟ್ಟು

ಬಿಳಿಯರ ಕಾಲೇಜು ಸಂಘಗಳು ಬಾಗಿಲು ತೆಗೆಯದಿದ್ದ ಕಾಲದಲ್ಲಿ ಕಪ್ಪು ಹೆಣ್ಣುಮಕ್ಕಳು ತಾವೇ ಕಟ್ಟಿಕೊಂಡ ಸಂಘವೊಂದಕ್ಕೆ ಬರ್ಕ್ಲಿಯಲ್ಲಿ ಓದುವ ನನ್ನ ಮಗಳು ಸೇರಿದ್ದಳು. ಅವಳ ಅಪ್ಪ ಓಕ್‌ಲ್ಯಾಂಡಿನ ಕಪ್ಪು ಮನುಷ್ಯ, ನಾನು ಮೈಸೂರಿನವಳು. ಹೊಸ ಸದಸ್ಯೆಯರು ಎಲ್ಲರೆದುರು ಹೆಜ್ಜೆ ಹಾಕಿ, ಮುಖವಾಡ ತೆಗೆದು ತಾವು ಯಾರೆಂದು ಹೇಳುವ ದಿನ ಅದು.

"ಅಮ್ಮಾ, ಕೆಲವರು ನನ್ನನ್ನ 'ಆ ಇಂಡಿಯನ್ ಹುಡುಗಿ' ಅಂತಾರೆ. ಇವತ್ತು ಏನೂ ವಿಯರ್ಡ್ ಆಗ್ಬಾರ್ದು, ಪ್ಲೀಸ್," ಎಂದು ಬೆಳಿಗ್ಗೆಯೇ ಹೇಳಿದ್ದಳು. ಅವಳ ಹೊಸ ಜಾಕೆಟ್ಟನ್ನು ನಾನು ತಂದುಕೊಡಬೇಕಿತ್ತು, ಅಷ್ಟೇ.

ನಾನೋ, ಹಾಳು ಚಳಿ ತಡೆಯಲಾರದೆ ಅದನ್ನೇ ಚೂಡಿದಾರದ ಮೇಲೆ ಏರಿಸಿಬಿಟ್ಟೆ. ಮಗಳ ಹಳೇ ಸ್ವೆಟರು ಹಾಕಿಕೊಂಡೇ ಗ್ರೋಸರಿಗೆ ಹೋಗುವವಳು ನಾನು. ನಮ್ಮ ಕನ್ನಡದ ತಾಯಂದಿರೆಲ್ಲ ಇಲ್ಲಿ ಹಾಗೇ. ಬೆನ್ನ ಮೇಲೆ ಸಂಘದ ಅಕ್ಷರಗಳು ಎದ್ದು ಕಾಣುತ್ತಿದ್ದವು.

ಸುತ್ತಲಿನವರು ತಿರುಗಿ ನೋಡಿದರು. ಇಬ್ಬರು ಹುಡುಗಿಯರು ನನ್ನತ್ತ ಫೋನು ಎತ್ತಿದರು. ನನ್ನ ಅತ್ತೆ, ಗಂಡನ ತಾಯಿ, ಧಡಧಡ ಬಂದರು. ಕಾಲೇಜಿನ ದಿನಗಳಿಂದ ಅವರೂ ಅದೇ ಸಂಘದವರು.

"ತೆಗಿ ಅದನ್ನ," ಎಂದರು ಇಂಗ್ಲಿಷಿನಲ್ಲಿ, ಹಲ್ಲು ಕಚ್ಚಿಕೊಂಡು. "ಸಂಘಕ್ಕೆ ಸೇರದವರು ಅದನ್ನ ಹಾಕೋ ಹಾಗಿಲ್ಲ. ಅಮ್ಮನಿಗೆ ಕೊಟ್ಟವಳು ಇವಳೇ ಅಂತ ನಿನ್ನ ಮಗಳನ್ನ ಹಿಡ್ಕೋತಾರೆ."

ಮೈಯೆಲ್ಲ ಉರಿದುಹೋಯಿತು. ಹೆತ್ತವಳು ನಾನು! "ನಾನು ಮುಟ್ಟಿದ್ರೆ ಮೈಲಿಗೆಯಾಗತ್ತೇನೋ!" ಎಂದು ಕನ್ನಡದಲ್ಲೇ ಗೊಣಗಿದೆ. ಗೊಣಗಿದ್ದೇ ತಡ, ನಾಲಿಗೆ ಕಚ್ಚಿಕೊಂಡೆ.

ಮದುವೆಯಾದ ಹೊಸದು. ಸ್ಯಾನ್ ಮಟಿಯೋದ ನಮ್ಮ ಮನೆಗೆ ಬಂದಿದ್ದ ನನ್ನ ಅಮ್ಮ, ಮಡಿಯಲ್ಲಿದ್ದೇನೆಂದು ಇದೇ ಅತ್ತೆಯನ್ನು ಅಡುಗೆಮನೆಯ ಬಾಗಿಲಲ್ಲೇ ತಡೆದಿದ್ದಳು. ಅತ್ತೆಯ ಕೈಯಲ್ಲಿ ತಾವೇ ಮಾಡಿದ ಕೇಕು ಇತ್ತು. "ಅದು ನಮ್ಮ ಪದ್ಧತಿ," ಎಂದು ನಾನೇ ನಗುತ್ತಾ ವಿವರಿಸಿದ್ದೆ. ಹಿಂದಿನ ದಿನವಷ್ಟೇ ಪಕ್ಕದ ಮನೆಯ ಬಿಳಿಯಾಕೆ ಅದೇ ಅಡುಗೆಮನೆಯಲ್ಲಿ, ಮಡಿಯಲ್ಲಿದ್ದ ಅಮ್ಮನ ಪಕ್ಕದಲ್ಲೇ ಕೂತು ಕಾಫಿ ಕುಡಿದಿದ್ದಳು.

ಜಾಕೆಟ್ಟು ಬಿಚ್ಚಿ ಅತ್ತೆಯ ಕೈಗೆ ಕೊಟ್ಟೆ. ನಡುಗುತ್ತಾ ಹಿಂದೆ ಹೋಗಿ ನಿಂತೆ. ಮಗಳು ಮುಖವಾಡ ತೆಗೆದಳು. ಕೆಲವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅತ್ತೆ ಮುಂದೆ ಹೋಗಿ ಅವಳಿಗೆ ಜಾಕೆಟ್ಟು ತೊಡಿಸಿ, ಸಂಘದ ಕೂಗು ಹಾಕಿದರು. ಆಮೇಲೆ ಎಲ್ಲರೂ ಕೂಗಿದರು.

ಹಿಂದಿರುಗುವಾಗ ಕಾರಿನಲ್ಲಿ ನಾನು, ಅತ್ತೆ ಇಬ್ಬರೇ.

"ಅವತ್ತು ಆ ಕೇಕು..." ಎಂದೆ.

"ಚೆನ್ನಾಗಿತ್ತು," ಎಂದರು ಅತ್ತೆ, ರಸ್ತೆಯನ್ನೇ ನೋಡುತ್ತಾ. "ನಿಮ್ಮ ಮನೆ ಮುಂದೇನೇ ಕಾರಿನಲ್ಲಿ ಕೂತು, ನಾನೊಬ್ಬಳೇ ತಿಂದೆ."