ಹಿಮ್ಮಡಿ ಅಲ್ಲಾಡಿಸಿ ನೋಡುವ ಕುಷ್ಟ

ಹೆಮ್ಮಾಡಿಯ ಚಪ್ಪಲಿ ಅಂಗಡಿಯ ಕುಷ್ಟನ ಹತ್ತಿರ ಒಂದು ಜೊತೆ ಸ್ಯಾಂಡಲ್ ಕೊಳ್ಳಲು ಅರ್ಧ ದಿನ ರಜೆ ಹಾಕಬೇಕು. ಗಿರಾಕಿಯ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಪಟ್ಟಿ ಬಿಗಿದು, ಸಡಿಲಿಸಿ, ಮತ್ತೆ ಬಿಗಿದು, ಹಿಮ್ಮಡಿ ಅಲ್ಲಾಡಿಸಿ, “ಸಡ್ಲ ಇತ್ತಾ? ನಾಲ್ಕ್ ಹೆಜ್ಜೆ ನಡ್ದ್ ಕಾಣಿ” ಎನ್ನುತ್ತಾನೆ. “ಹ್ವಾಯ್ ಕುಷ್ಟಣ್ಣ, ನಾನ್ ಮೀನ್ ಮಾರುಕೆ ಹೋಪ್ದ್, ಮದಿ ದಿಬ್ಬಣಕ್ಕಲ್ಲ!” ಎಂದು ಕೋಡಿಯ ಸುಗುಣ ಸಿಡುಕಿದರೂ ಬಿಡುವುದಿಲ್ಲ. ಹಿಂದೆ ಮನಾಲಿಯಲ್ಲಿ, ಹಿಮದ ಮೇಲೆ ಜಾರುವ ಸ್ಕೀಬೋರ್ಡುಗಳ ಬಾಡಿಗೆ ಅಂಗಡಿಯಲ್ಲಿ, ಗಿರಾಕಿಯ ಬೂಟಿಗೆ ತಕ್ಕಂತೆ ಹಲಗೆಯ ಕೊಂಡಿ ಹೊಂದಿಸುವುದು ಅವನ ಕೆಲಸವಾಗಿತ್ತು. 2004ರಲ್ಲಿ ಒಂದು ದಿನ, ಗಿರಾಕಿಗಳ ಗಡಿಬಿಡಿಯಲ್ಲಿ, ಕೊಂಡಿಯನ್ನು ಹಿಂದಿನವರ ಅಳತೆಯಲ್ಲೇ ಬಿಟ್ಟು ಒಬ್ಬ ಹುಡುಗಿಯನ್ನು ಕಳಿಸಿಬಿಟ್ಟ. ಕಾಲು ಮುರಿದು ಸ್ಟ್ರೆಚರಿನಲ್ಲಿ ಬಂದವಳು, “ನಾನೇ ಬೂಟು ಸರಿಯಾಗಿ ಸಿಕ್ಕಿಸಲಿಲ್ಲವೇನೋ ಭಯ್ಯಾ” ಎಂದಾಗ, ಕುಷ್ಟ ಹೌದೆಂದು ತಲೆಯಾಡಿಸಿದ್ದ.